30 ವರ್ಷ ನುಂಗಿಕೊಂಡ ನೆನಪನ್ನು ಅಪ್ಪನಿಂದ ಆಡಿಸಬೇಕೇ, ಹಾಗೆಯೇ ಬಿಡಬೇಕೇ?

ಮಲೆನಾಡ ಮಗಳು:
ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪನಿಗೆ ಈಗ 69 ವರ್ಷ. ಬಸ್ ಚಾಲಕರಾಗಿ ದುಡಿದು ನಿವೃತ್ತರಾದವರು. 1994ರ ಮಳೆಗಾಲದಲ್ಲಿ, ಘಟ್ಟದ ಕೆಳಗಿನ ಒಂದು ಊರಿನ ಬಳಿ, ನಿಂತಿದ್ದ ಲಾರಿಯ ಮರೆಯಿಂದ ಚೆಂಡಿನ ಹಿಂದೆ ಓಡಿಬಂದ ಮಗುವೊಂದು ಅವರು ನಡೆಸುತ್ತಿದ್ದ ಬಸ್ಸಿನ ಚಕ್ರಕ್ಕೆ ಸಿಲುಕಿ ತೀರಿಕೊಂಡಿತು. ವಿಚಾರಣೆಯಲ್ಲಿ ಅವರ ತಪ್ಪಿಲ್ಲವೆಂದು ತೀರ್ಮಾನವಾಯಿತು. ಅಂದಿನಿಂದ ಇಂದಿನವರೆಗೆ ಆ ದಿನದ ಬಗ್ಗೆ ಅಪ್ಪ ಮನೆಯಲ್ಲಿ ಒಂದು ಮಾತನ್ನೂ ಆಡಿಲ್ಲ. ನನಗೆ ಈ ಸಂಗತಿ ತಿಳಿದದ್ದೇ ಮದುವೆಯಾದ ಮೇಲೆ, ಅದೂ ಚಿಕ್ಕಪ್ಪನ ಬಾಯಿಂದ.

ಅವರು ಸಿಡುಕಿನವರಲ್ಲ, ಅಳುವವರಲ್ಲ, ಕುಡಿಯುವವರೂ ಅಲ್ಲ. ಆದರೆ ಅವರ ಮೈ ಬೇರೆಯೇ ಕಥೆ ಹೇಳುತ್ತಿದೆಯೇನೋ ಎಂಬ ಅನುಮಾನ ನನಗೆ ಬಂದಿದೆ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ದವಡೆಯ ಹಲ್ಲುಗಳು ಸವೆದುಹೋಗಿವೆ ಎಂದು ದಂತವೈದ್ಯರು ಹೇಳಿದ್ದಾರೆ. ಹೊಟ್ಟೆಯುರಿ ಬಿಟ್ಟಿಲ್ಲ, ರಕ್ತದೊತ್ತಡಕ್ಕೆ ಎರಡು ಮಾತ್ರೆ ತೆಗೆದುಕೊಳ್ಳುತ್ತಾರೆ. ನನ್ನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತಾಗ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿರುತ್ತದೆ, ಅಲ್ಲಿ ಬ್ರೇಕ್ ಇದೆಯೇನೋ ಎಂಬಂತೆ. ಬೀದಿಯಲ್ಲಿ ಹುಡುಗರು ಚೆಂಡಾಡಲು ಬಂದರೆ ಎದ್ದು ಒಳಮನೆಗೆ ಹೋಗುತ್ತಾರೆ. ಹಳೆಯ ನೆನಪನ್ನು ಅದುಮಿಟ್ಟರೆ ಮೈಗೆ ಮತ್ತು ಮನಸ್ಸಿಗೆ ನಿಜವಾಗಿಯೂ ಹೀಗಾಗುತ್ತದೆಯೇ? ನಾನಾಗಿ ಬಾಯಿ ಬಿಡಿಸಿದರೆ ಒಳ್ಳೆಯದಾಗುತ್ತದೆಯೇ, ಕೆಡುಕಾಗುತ್ತದೆಯೇ?

ಹುಣಸೆಮರದ ಕಟ್ಟೆ:
ದಯವಿಟ್ಟು ಕೆದಕಬೇಡಿ. ಮಾಯ್ದ ಗಾಯವನ್ನು ಗೀರಿ ನೋಡುವವರು ಯಾರಿದ್ದಾರೆ?

ಮಲೆನಾಡ ಮಗಳು:
ಮಾಯ್ದಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ ಸರ್. ಮಾಯ್ದಿದೆಯೇ ಇಲ್ಲವೇ ಎಂಬುದೇ ನನ್ನ ಪ್ರಶ್ನೆ.

ಮನಶ್ಶಾಸ್ತ್ರ ಬೋಧಕಿ:
ನಾನು ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ, ಚಿಕಿತ್ಸಕಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಪ್ರಯೋಗಗಳಿಂದ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬ ಅಮೆರಿಕದ ಸಂಶೋಧಕರು 1993ರಲ್ಲಿ ಕೆಲವರಿಗೆ ತೋಳು ಕತ್ತರಿಸುವ ಶಸ್ತ್ರಚಿಕಿತ್ಸೆಯ ಚಿತ್ರವನ್ನು ತೋರಿಸಿದರು. ಒಂದು ಗುಂಪಿನವರಿಗೆ ಸುಮ್ಮನೆ ನೋಡಿ ಎಂದೂ, ಇನ್ನೊಂದು ಗುಂಪಿನವರಿಗೆ ನಿಮ್ಮ ಮುಖ ನೋಡಿದವರಿಗೆ ನಿಮಗೇನೂ ಅನ್ನಿಸುತ್ತಿಲ್ಲವೆಂದೇ ಕಾಣಬೇಕು ಎಂದೂ ಹೇಳಿದರು. ಎರಡನೆಯ ಗುಂಪಿನವರು ಮುಖವನ್ನೇನೋ ಬಿಗಿ ಹಿಡಿದರು. ಆದರೆ ಅವರಿಗಾದ ಹೇಸಿಗೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ಅಂಗೈಯ ಬೆವರು ಮಾತ್ರ ಹೆಚ್ಚಿತ್ತು. 1997ರಲ್ಲಿ ದುಃಖದ ಮತ್ತು ನಗೆಯ ಚಿತ್ರಗಳನ್ನು ಇಟ್ಟುಕೊಂಡು ಮತ್ತೆ ಪರೀಕ್ಷಿಸಿದಾಗ, ಭಾವನೆಯನ್ನು ಅಡಗಿಸುವವರ ಬೆರಳಿನ ರಕ್ತನಾಳಗಳು ಹೆಚ್ಚು ಕುಗ್ಗಿದ್ದವು. ಅಪಾಯ ಬಂದಾಗ ಓಡಲು ಅಥವಾ ಹೋರಾಡಲು ಮೈಯನ್ನು ಅಣಿಗೊಳಿಸುವ ನರಮಂಡಲವೇ, ಅವರು ಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದಾಗ ಎಚ್ಚೆತ್ತಿತ್ತು. ನಮ್ಮ ಹಿರಿಯರು ಇದಕ್ಕೆ ಬೂದಿ ಮುಚ್ಚಿದ ಕೆಂಡ ಎನ್ನುತ್ತಿದ್ದರು.

ಹಳೆಯ ಟಿಕೆಟ್ ಪೆಟ್ಟಿಗೆ:
ತಂಗಿ, ನಾನು 31 ವರ್ಷ ಕಂಡಕ್ಟರ್ ಆಗಿದ್ದವನು. ನಿಮ್ಮ ತಂದೆಯವರಂತಹ ಮೂವರು ಚಾಲಕರ ಜೊತೆ ಡ್ಯೂಟಿ ಮಾಡಿದ್ದೇನೆ. ಅಪಘಾತವಾದ ಮೇಲೆ ಪೊಲೀಸ್ ಠಾಣೆ, ಹೇಳಿಕೆ, ವಿಚಾರಣೆ ಇವೆಲ್ಲ ಇರುತ್ತಿದ್ದವು. ಅವು ಮುಗಿದ ಕೂಡಲೇ ಮತ್ತೆ ಸ್ಟೇರಿಂಗ್. "ನಿನಗೆ ರಾತ್ರಿ ನಿದ್ದೆ ಬರುತ್ತದೆಯೇನಪ್ಪ" ಎಂದು ಕೇಳುವ ಪದ್ಧತಿ ನಾವಿದ್ದ ಕಡೆ ಇರಲಿಲ್ಲ, ಕೇಳಬೇಕೆಂದು ನಮಗೂ ತಿಳಿದಿರಲಿಲ್ಲ. ದೇವಸ್ಥಾನಕ್ಕೆ ಹೋಗಿ ಒಂದು ಕಾಯಿ ಒಡೆಸಿಕೊಂಡು ಬಾ ಎನ್ನುತ್ತಿದ್ದೆವು, ಅಷ್ಟೇ. ಆ ಮೂವರಲ್ಲಿ ಒಬ್ಬರು ಅದೇ ಜಾಗ ಬಂದಾಗಲೆಲ್ಲ ಗೇರ್ ಇಳಿಸಿ ಹಾರ್ನ್ ಮಾಡುತ್ತಿದ್ದರು, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಿದ್ದರೂ. ನಾನು ಯಾಕೆಂದು ಒಮ್ಮೆಯೂ ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತಿದೆ.

ಎರಡು ಕಡೆಯೂ ನೋಡಿ:
ಬೋಧಕಿಯವರ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ಅವರು ಹೇಳಿದ್ದು ಮುಖದ ಮೇಲಿನ ಭಾವವನ್ನು ತಡೆಯುವುದರ ಬಗ್ಗೆ. ನೆನಪನ್ನೇ ತಡೆಯುವುದು ಬೇರೆ ಸಂಗತಿ. ಮೈಕೆಲ್ ಆಂಡರ್ಸನ್ ಅವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಜೋಡಿ ಪದಗಳನ್ನು ಕಲಿತು, ಆಮೇಲೆ ಒಂದು ಪದವನ್ನು ನೋಡಿಯೂ ಅದರ ಜೊತೆಗಾರ ಪದ ಮನಸ್ಸಿಗೆ ಬಾರದಂತೆ ಮತ್ತೆ ಮತ್ತೆ ತಡೆದರು. ಹಾಗೆ ತಡೆದ ಪದಗಳು ಕೊನೆಗೆ ನಿಜವಾಗಿಯೂ ಮಸುಕಾದವು. 2004ರಲ್ಲಿ ಮೆದುಳಿನ ಚಿತ್ರ ತೆಗೆದಾಗ ಹಣೆಯ ಹಿಂದಿನ ಭಾಗ ಚುರುಕಾಗಿ, ನೆನಪನ್ನು ಎತ್ತಿಕೊಡುವ ಹಿಪೊಕ್ಯಾಂಪಸ್ ತಣ್ಣಗಾದದ್ದು ಕಂಡಿತು. 2023ರಲ್ಲಿ ಕೇಂಬ್ರಿಜ್‌ನಲ್ಲಿ ಅವರೂ ಜುಲ್ಕೈದಾ ಮಾಮತ್ ಅವರೂ 16 ದೇಶಗಳ 120 ಜನರಿಗೆ, ಮುಂದೆ ಏನಾಗುವುದೋ ಎಂಬ ತಮ್ಮ ಭಯಗಳನ್ನು ಮನಸ್ಸಿನಿಂದ ತಡೆಯುವ ತರಬೇತಿಯನ್ನು ಮೂರು ದಿನ ಕೊಟ್ಟರು. ಭಯಗಳು ತಿರುಗಿ ಬಂದು ಕಾಡಲಿಲ್ಲ. ಬದಲಿಗೆ ಅವು ಮಸುಕಾದವು, ಹೆಚ್ಚು ಆತಂಕವಿದ್ದವರಿಗೇ ಹೆಚ್ಚು ಪ್ರಯೋಜನವಾಯಿತು. ಅದುಮಿಟ್ಟದ್ದೆಲ್ಲ ಒಳಗೇ ಕೊಳೆಯುತ್ತದೆ ಎಂಬುದು ಫ್ರಾಯ್ಡ್ ಕಾಲದ ನಂಬಿಕೆ, ಅದನ್ನು ನಿಯಮವೆಂದು ಹೇಳಬಾರದು.

ಮನಶ್ಶಾಸ್ತ್ರ ಬೋಧಕಿ:
ನೀವು ಮಾಡಿದ ಭೇದ ಸರಿಯಾಗಿದೆ, ನಾನೇ ಅದನ್ನು ಮೊದಲು ಹೇಳಬೇಕಾಗಿತ್ತು. ಆದರೂ 1987ರಲ್ಲಿ ಡೇನಿಯಲ್ ವೆಗ್ನರ್ ಮಾಡಿದ ಬಿಳಿ ಕರಡಿಯ ಪ್ರಯೋಗವನ್ನು ಬದಿಗಿಡುವಂತಿಲ್ಲ. ಐದು ನಿಮಿಷ ಬಿಳಿ ಕರಡಿಯ ಯೋಚನೆ ಮಾಡಬೇಡಿ, ಬಂದರೆ ಗಂಟೆ ಬಾರಿಸಿ ಎಂದರು. ಜನ ಬಾರಿಸುತ್ತಲೇ ಇದ್ದರು. ಆಮೇಲೆ ಈಗ ಯೋಚಿಸಬಹುದು ಎಂದಾಗ, ಮೊದಲು ತಡೆದವರಿಗೆ ಉಳಿದವರಿಗಿಂತ ಹೆಚ್ಚು ಸಲ ಕರಡಿ ಬಂದಿತು. ಯೋಚನೆ ಬಂದಿದೆಯೇ ಎಂದು ಒಳಗೊಬ್ಬ ಕಾವಲುಗಾರ ಇಣುಕಿ ನೋಡುತ್ತಲೇ ಇರಬೇಕು, ಆ ಇಣುಕುವಿಕೆಯೇ ಅದನ್ನು ಎಳೆದು ತರುತ್ತದೆ ಎಂಬುದು ವೆಗ್ನರ್ ಅವರ ವಿವರಣೆ.

ಎರಡು ಕಡೆಯೂ ನೋಡಿ:
ಕರಡಿಗೂ ಕಣ್ಣೆದುರು ಸತ್ತ ಮಗುವಿಗೂ ಹೋಲಿಕೆ ಸಲ್ಲದು. 2015ರ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ ನಡೆದ ದಾಳಿಗಳಲ್ಲಿ ಬದುಕುಳಿದವರನ್ನು ಫ್ರಾನ್ಸಿನ ಸಂಶೋಧಕರು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ್ದಾರೆ. ಆಘಾತದ ನಂತರದ ಒತ್ತಡದ ಕಾಯಿಲೆ ಬಂದವರಲ್ಲಿ ಬೇಡದ ನೆನಪನ್ನು ತಡೆಯುವ ಮೆದುಳಿನ ಶಕ್ತಿ ಏರುಪೇರಾಗಿತ್ತು. ಅದೇ ದಾಳಿಯನ್ನು ಕಂಡೂ ಕಾಯಿಲೆ ಬಾರದವರಲ್ಲಿ ಆ ಶಕ್ತಿ ಚೆನ್ನಾಗಿಯೇ ಇತ್ತು. ತಡೆದವರಿಗೆ ಕಾಯಿಲೆ ಬಂದಿತು ಎನ್ನುವುದಕ್ಕಿಂತ, ತಡೆಯಲಾರದವರು ನರಳುತ್ತಿದ್ದಾರೆ ಎನ್ನುವುದು ಇಲ್ಲಿ ಹೆಚ್ಚು ಹೊಂದುತ್ತದೆ.

ಮಕ್ಕಂದೂರಿನ ಮಳೆ:
ನಿಮ್ಮಿಬ್ಬರ ವಾದದ ನಡುವೆ ನನ್ನದೊಂದು ಅನುಭವ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಓಡಿದವರು. ಪರಿಹಾರ ಕೇಂದ್ರದಲ್ಲಿ ನಾನು ಅಳಲಿಲ್ಲ, ನಾಲ್ಕು ಜನರಿಗೆ ಧೈರ್ಯ ಹೇಳಿದೆ. ಎರಡು ವರ್ಷ ಏನೂ ಆಗಲಿಲ್ಲ, ಎಲ್ಲವೂ ಮುಗಿಯಿತು ಎಂದುಕೊಂಡಿದ್ದೆ. ಮೂರನೆಯ ಮಳೆಗಾಲದ ಒಂದು ರಾತ್ರಿ ಹೆಂಚಿನ ಮೇಲೆ ಮಳೆಯ ಸದ್ದು ಬಲವಾದ ಕೂಡಲೇ, ಮನಸ್ಸಿನಲ್ಲಿ ಯಾವ ಯೋಚನೆಯೂ ಇಲ್ಲದಿರುವಾಗ, ಎದೆ ಬಡಿದುಕೊಳ್ಳತೊಡಗಿತು. ಅಂಗಾಲು ತಣ್ಣಗಾಯಿತು, ಮಣ್ಣಿನ ಹಸಿ ವಾಸನೆ ಬಂದಂತಾಗಿ ವಾಂತಿಯಾಯಿತು. ನಾನು ನೆನಪನ್ನು ತಡೆದಿದ್ದು ನಿಜವೇ. ಆದರೆ ಮಳೆ ನನ್ನನ್ನು ಕೇಳಿ ಬರುವುದಿಲ್ಲವಲ್ಲ. ಆ ಮೇಲೆ ನಾನು ಮಡಿಕೇರಿ ಕಡೆಯ ಬಸ್ ಹತ್ತುವುದನ್ನು ಬಿಟ್ಟೆ, ಟೀವಿಯಲ್ಲಿ ಹವಾಮಾನ ವರದಿ ಬಂದರೆ ಎದ್ದು ಹೋಗತೊಡಗಿದೆ, ಕೊನೆಗೆ ತೋಟಕ್ಕೆ ಹೋಗುವುದೂ ನಿಂತಿತು. ಒಂದನ್ನು ತಪ್ಪಿಸಿಕೊಳ್ಳಲು ಹೋಗಿ ಬದುಕೇ ಒಂದು ಕೋಣೆಯಷ್ಟಾಯಿತು. ನಿಮ್ಮ ತಂದೆಯವರು ಚೆಂಡು ಕಂಡರೆ ಒಳಗೆ ಹೋಗುತ್ತಾರೆ ಎಂದಿರಲ್ಲ, ನನಗೆ ಆ ಸಾಲು ತುಂಬಾ ತಟ್ಟಿತು.

ಎರಡು ಕಡೆಯೂ ನೋಡಿ:
ನಿಮ್ಮ ಅನುಭವವನ್ನು ಗೌರವದಿಂದ ಓದಿದೆ. ಬೇಡದ ನೆನಪು ಬಂದಾಗ ಅದನ್ನು ಬದಿಗೆ ಸರಿಸಿ ಕೆಲಸ ಮುಂದುವರಿಸುವುದು ಒಂದು, ಅದನ್ನು ನೆನಪಿಸುವ ರಸ್ತೆ, ಸದ್ದು, ಆಟ ಎಲ್ಲದರಿಂದ ತಪ್ಪಿಸಿಕೊಂಡು ಬದುಕುವುದು ಇನ್ನೊಂದು. ಆಂಡರ್ಸನ್ ಅವರ ಪ್ರಯೋಗದಲ್ಲೂ ಜನರು ನೆನಪಿಸುವ ಪದವನ್ನು ಕಣ್ಣಾರೆ ನೋಡುತ್ತಲೇ ತಡೆಯಬೇಕಾಗಿತ್ತು, ಕಣ್ಣು ತಪ್ಪಿಸುವಂತಿರಲಿಲ್ಲ. ಎರಡನೆಯದನ್ನು ನಾನು ಸಮರ್ಥಿಸುತ್ತಿಲ್ಲ.

ಹುಣಸೆಮರದ ಕಟ್ಟೆ:
ನಮ್ಮ ಸೋದರತ್ತೆ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡು ಕ್ಯಾನ್ಸರ್ ಬಂದು ಹೋದರು. ಆ ದೃಷ್ಟಿಯಿಂದ ನೋಡಿದರೆ ಆಡಿಸುವುದೇ ಸರಿಯೇನೋ.

ತಾಲ್ಲೂಕು ವೈದ್ಯ:
ನಿಮ್ಮ ಅತ್ತೆಯವರ ಬಗ್ಗೆ ತಿಳಿದು ಬೇಸರವಾಯಿತು. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡದ್ದರಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಸಾಬೀತಾದ ಮಾತಲ್ಲ. ಹಾಗೆ ಹೇಳಿದರೆ ಕಾಯಿಲೆಯಾದವರ ತಲೆಯ ಮೇಲೆ ತಪ್ಪನ್ನೂ ಹೊರಿಸಿದಂತಾಗುತ್ತದೆ. ಒತ್ತಡದಿಂದ ಆಗುವುದು ಏನೆಂದರೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ, ಸ್ನಾಯುಗಳು ಬಿಗಿಯುತ್ತವೆ, ನಿದ್ದೆ ಹಗುರವಾಗುತ್ತದೆ, ಹೊಟ್ಟೆಯ ನೋವು ಇರುವುದಕ್ಕಿಂತ ಹೆಚ್ಚಾಗಿ ತಿಳಿಯುತ್ತದೆ.

ಪ್ರಶ್ನೆ ಕೇಳಿದವರಿಗೆ ಮುಖ್ಯವಾಗಿ ಒಂದು ಮಾತು. ಎಲ್ಲವನ್ನೂ ನೆನಪಿನ ಖಾತೆಗೆ ಬರೆಯಬೇಡಿ. 69 ವರ್ಷದವರ ಹೊಟ್ಟೆಯುರಿಗೆ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಮಂಡಿನೋವಿಗೆ ನುಂಗುವ ಮಾತ್ರೆ, ಇವೆಲ್ಲ ಕಾರಣವಾಗಿರಬಹುದು. ಎದೆಯ ನಡುವಿನ ಉರಿ ಕೆಲವೊಮ್ಮೆ ಹೃದಯದ್ದೂ ಆಗಿರುತ್ತದೆ. ಹಲ್ಲು ಕಡಿಯುವುದರ ಜೊತೆಗೆ ಗೊರಕೆಯೂ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ನೋಡಬೇಕು, ಅದು ರಕ್ತದೊತ್ತಡವನ್ನೂ ಏರಿಸುತ್ತದೆ. ಮೊದಲು ಇವುಗಳ ಪರೀಕ್ಷೆಯಾಗಲಿ.

ಮಲೆನಾಡ ಮಗಳು:
ಎಂಡೋಸ್ಕೋಪಿ ಮತ್ತು ಇಸಿಜಿ ಕಳೆದ ವರ್ಷ ಆಗಿವೆ ಡಾಕ್ಟರೇ, ಏನೂ ಇಲ್ಲವೆಂದರು. ಗೊರಕೆಯ ವಿಷಯ ನಮಗೆ ಹೊಳೆದೇ ಇರಲಿಲ್ಲ, ಅಮ್ಮನನ್ನು ಕೇಳುತ್ತೇನೆ.

ಗದಗಿನ ಅಂಗಳ:
ಅಕ್ಕ, ನಮ್ಮ ಕಡೆ ಮನೆಯಲ್ಲಿ ಸಾವಾದರೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರು ಏನೇನು ಮಾಡಿದ್ದರು, ಯಾರಿಗೆ ಏನು ಬಾಕಿ ಉಳಿಸಿದರು, ಬದುಕಿದ್ದವರು ಅವರಿಗೆ ಎಲ್ಲಿ ತಪ್ಪಿದರು ಎಂಬುದೆಲ್ಲ ಆ ಅಳುವಿನಲ್ಲಿಯೇ ಹೊರಬರುತ್ತದೆ. ಬಂದವರು ಪಕ್ಕದಲ್ಲಿ ಕುಳಿತು ದನಿಗೂಡಿಸುತ್ತಾರೆ. ನಮ್ಮ ಅಜ್ಜಿ ಎರಡು ಮಕ್ಕಳನ್ನು ಕಳೆದುಕೊಂಡೂ 90ರವರೆಗೆ ಗಟ್ಟಿಯಾಗಿ ಇದ್ದವರು, ಅಜ್ಜ ಮಾತ್ರ ಕಟ್ಟೆಯ ಮೇಲೆ ಕಲ್ಲಿನಂತೆ ಕುಳಿತಿರುತ್ತಿದ್ದರು. ಗಂಡಸರಿಗೆ ನಾವು ಅಳುವ ಜಾಗವನ್ನೇ ಕೊಟ್ಟಿಲ್ಲ. ನಿಮ್ಮ ತಂದೆಯವರ ವಿಷಯದಲ್ಲಂತೂ ಸತ್ತದ್ದು ಬೇರೆಯವರ ಮಗು. ಆ ಸಾವಿಗೆ ಅವರು ಯಾರ ಮನೆಯ ಅಂಗಳದಲ್ಲಿ ಕುಳಿತು ಅಳಬೇಕಾಗಿತ್ತು?

ಹಳೆಯ ಟಿಕೆಟ್ ಪೆಟ್ಟಿಗೆ:
ಈ ಕೊನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ ತಾಯಿ.

ಮೈಸೂರಿನ ಮೌನ:
ಮೌನಿಗಳ ಪರವಾಗಿಯೂ ಒಬ್ಬರು ಮಾತನಾಡಬೇಕು. ನನ್ನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ನಾನು ಯಾರೆದುರೂ ಅತ್ತಿಲ್ಲ, ಅಳದಿದ್ದರೆ ಒಳಗೆ ಕಟ್ಟಿಕೊಳ್ಳುತ್ತದೆ ಎಂದು ನೆಂಟರೆಲ್ಲ ಹೆದರಿಸಿದರು. ನನ್ನ ನಿದ್ದೆ, ಊಟ, ಆರೋಗ್ಯ ಎಲ್ಲವೂ ಸರಿಯಾಗಿವೆ, ಅವಳ ಫೋಟೋ ನೋಡಿದರೆ ನಗುವೂ ಬರುತ್ತದೆ. ಜಾರ್ಜ್ ಬೊನ್ಯಾನೊ ಎಂಬ ಸಂಶೋಧಕರು, ಆಪ್ತರನ್ನು ಕಳೆದುಕೊಂಡವರಲ್ಲಿ ಬಹಳ ಮಂದಿ ದುಃಖವನ್ನು ಹೊರಹಾಕುವ ವಿಶೇಷ ಪ್ರಯತ್ನವಿಲ್ಲದೆಯೇ ಚೇತರಿಸಿಕೊಳ್ಳುತ್ತಾರೆ, ಅದು ರೋಗದ ಲಕ್ಷಣವಲ್ಲ ಎಂದು 2004ರಲ್ಲಿ ವಿವರವಾಗಿ ಬರೆದಿದ್ದಾರೆ. ಅದನ್ನು ಓದಿದ ದಿನ ನನಗೆ ದೊಡ್ಡ ಸಮಾಧಾನವಾಯಿತು.

ಗದಗಿನ ಅಂಗಳ:
ನಿಮಗೆ ಅವರ ಫೋಟೋ ನೋಡಲು ಆಗುತ್ತದೆ ಸರ್. ಅಲ್ಲಿಯೇ ವ್ಯತ್ಯಾಸವಿದೆ.

ಮನಶ್ಶಾಸ್ತ್ರ ಬೋಧಕಿ:
ಮೌನದ ಬಗ್ಗೆ ಇನ್ನೂ ಒಂದು ಸಂಗತಿ ಇದೆ. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ಪರಿಚಯವಿಲ್ಲದ ಇಬ್ಬಿಬ್ಬರು ಹೆಂಗಸರನ್ನು ಮನಸ್ಸು ಕಲಕುವ ಚಿತ್ರವೊಂದರ ಬಗ್ಗೆ ಮಾತನಾಡಲು ಕೂರಿಸಿ, ಒಬ್ಬರಿಗೆ ಮಾತ್ರ ಭಾವನೆಯನ್ನು ತೋರಿಸಬೇಡಿ ಎಂದು ಗುಟ್ಟಾಗಿ ಹೇಳಿದ್ದರು. ಆಗ ಎದುರಿಗೆ ಕುಳಿತು ಮಾತನಾಡುತ್ತಿದ್ದವರ ರಕ್ತದೊತ್ತಡವೂ ಏರಿತು. ಆದರೆ 2007ರಲ್ಲಿ ಅವರೇ ಮತ್ತೆ ನೋಡಿದಾಗ, ಏಷ್ಯಾದ ಸಂಸ್ಕಾರದಲ್ಲಿ ಬೆಳೆದವರಲ್ಲಿ ಇಂತಹ ದುಷ್ಪರಿಣಾಮ ಕಡಿಮೆಯಿತ್ತು. ಮೈಸೂರಿನ ಮಹನೀಯರ ಮಾತಿಗೆ ಅದು ಬಲ ಕೊಡುತ್ತದೆ. ಮಲೆನಾಡ ಮಗಳೇ, ನಿಮ್ಮ ತಾಯಿಯವರು ಹೇಗಿದ್ದಾರೆ?

ಮಲೆನಾಡ ಮಗಳು:
ಇಷ್ಟು ಜನರಲ್ಲಿ ಅಮ್ಮನನ್ನು ಕೇಳಿದವರು ನೀವೊಬ್ಬರೇ. ಅಮ್ಮ ಅಪ್ಪನ ಮುಖ ನೋಡಿಕೊಂಡೇ ಮಾತು ಆರಿಸುವವರು. ಅವರಿಗೂ ತಲೆನೋವು ಬಿಟ್ಟದ್ದಿಲ್ಲ.

ನಾಲ್ಕು ದಿನದ ನೋಟ್‌ಬುಕ್:
ಬರೆಯಿಸಿ ನೋಡಬಹುದೇ? ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ, ತಮ್ಮ ಬದುಕಿನ ಕಹಿ ಘಟನೆಯ ಬಗ್ಗೆ ಬರೆಯಲು ಹೇಳಿದ್ದರು. ಘಟನೆಯನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ನಾನು ನನ್ನ ತಮ್ಮನ ಸಾವಿನ ಬಗ್ಗೆ ಹೀಗೆಯೇ ಬರೆದೆ. ಮೊದಲ ಎರಡು ದಿನ ಇನ್ನೂ ಕೆಟ್ಟದಾಯಿತು, ಊಟ ಸೇರಲಿಲ್ಲ, ಈ ಕೆಲಸಕ್ಕೆ ಯಾಕೆ ಕೈ ಹಾಕಿದೆನೋ ಎಂದು ಗೋಳಾಡಿದೆ. ಆ ವಿದ್ಯಾರ್ಥಿಗಳಿಗೂ ಬರೆದ ಕೂಡಲೇ ಮನಸ್ಸು ಕುಗ್ಗಿ ರಕ್ತದೊತ್ತಡ ಏರಿತ್ತಂತೆ. ಹದಿನೈದು ದಿನ ಕಳೆದ ಮೇಲೆ ಅವನ ಹೆಸರನ್ನು ಗಂಟಲು ಉಬ್ಬದೆ ಹೇಳಲು ಸಾಧ್ಯವಾಯಿತು.

ತಾಲ್ಲೂಕು ವೈದ್ಯ:
ಇವರಿಗೆ ಅದನ್ನು ಒಂಟಿಯಾಗಿ ಮಾಡಿಸುವುದು ಬೇಡ. ರಕ್ತದೊತ್ತಡವಿರುವ ಹಿರಿಯರು, ಜೊತೆಗೆ ತಾನೇ ಕಾರಣ ಎಂಬ ಭಾವನೆಯೂ ಇರಬಹುದು. ಒತ್ತಾಯದಿಂದ ಆಡಿಸಿದರೂ ಕೆಡುಕಾಗಬಹುದು ಎಂಬುದಕ್ಕೆ ರಸ್ತೆ ಅಪಘಾತದ ಉದಾಹರಣೆಯೇ ಇದೆ. ಆಕ್ಸ್‌ಫರ್ಡ್‌ನಲ್ಲಿ ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದವರಲ್ಲಿ ಒಂದು ಗುಂಪಿಗೆ, ನಡೆದದ್ದನ್ನೆಲ್ಲ ಒಂದೇ ಬೈಠಕ್‌ನಲ್ಲಿ ಹೇಳಿಸಿ ಭಾವನೆ ಹೊರಹಾಕಿಸಿದರು. ಮೂರು ವರ್ಷದ ನಂತರ ನೋಡಿದರೆ ಆ ಗುಂಪಿನವರೇ ಹೆಚ್ಚು ತೊಂದರೆಯಲ್ಲಿದ್ದರು. ಮೊದಲೇ ನೆನಪು ಬಲವಾಗಿ ಕಾಡುತ್ತಿದ್ದವರಿಗೆ ಏನೂ ಮಾಡದೆ ಬಿಟ್ಟಾಗ ವಾಸಿಯಾಗಿತ್ತು, ಹೇಳಿಸಿದಾಗ ಆಗಿರಲಿಲ್ಲ. 2000ದಲ್ಲಿ ಇದು ಪ್ರಕಟವಾಯಿತು. ಈಗ ಅಂತಹ ಒಂದೇ ಸಲದ ಹೇಳಿಸುವಿಕೆಯನ್ನು ಯಾರೂ ಶಿಫಾರಸು ಮಾಡುವುದಿಲ್ಲ. ಅಪಘಾತವಾದ ಹೊಸತರ ಮಾತು ಇದು, 30 ವರ್ಷದ ಹಿಂದಿನದ್ದಲ್ಲ ಎಂಬುದು ನಿಜ. ಆದರೂ ಬಲವಂತ ಬೇಡವೆಂಬ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ತರಬೇತಿ ಪಡೆದವರ ಬಳಿ, ಹಲವು ವಾರಗಳ ಕಾಲ, ಅವರ ಒಪ್ಪಿಗೆಯಿಂದ, ನೆನಪಿನ ಹತ್ತಿರ ಹೆಜ್ಜೆ ಹೆಜ್ಜೆಯಾಗಿ ಹೋಗುವ ಚಿಕಿತ್ಸೆ ಇದೆ, ಅದರಿಂದ ಪ್ರಯೋಜನವೂ ಇದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಮಕ್ಕಂದೂರಿನ ಮಳೆ:
ನಾನು ಮೇಲೆ ಬಂದದ್ದು ಹಾಗೆಯೇ. ಮೊದಲ ತಿಂಗಳು ಆ ರಾತ್ರಿಯ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ, ಉಸಿರಾಟ ಮತ್ತು ನಿದ್ದೆ ಅಷ್ಟೇ. ಆಮೇಲೆ ತೋಟದ ಗೇಟಿನವರೆಗೆ, ಆಮೇಲೆ ಕಣದವರೆಗೆ. ಈ ವರ್ಷ ಜುಲೈಯಲ್ಲಿ ಕೊಡೆ ಹಿಡಿದು ಕಣದಲ್ಲಿ ನಿಂತೆ. ಎದೆ ಬಡಿಯಿತು, ಆದರೂ ನಿಂತೆ.

ಎರಡು ಕಡೆಯೂ ನೋಡಿ:
ಇನ್ನೊಂದು ಎಚ್ಚರಿಕೆ ಅಕ್ಕ. ನೆನಪು ಪೆಟ್ಟಿಗೆಯಲ್ಲಿಟ್ಟ ಪತ್ರವಲ್ಲ, ಪ್ರತಿ ಸಲ ತೆಗೆದಾಗಲೂ ಬದಲಾಗಬಹುದಾದದ್ದು. ಮಾತು ಬಂದರೆ "ನೀವು ಜೋರಾಗಿ ಓಡಿಸುತ್ತಿದ್ದಿರಾ", "ಮೊದಲೇ ಕಂಡಿತ್ತೇ" ಎಂಬಂತಹ ಪ್ರಶ್ನೆ ಕೇಳಬೇಡಿ. ನಡೆಯದೇ ಇದ್ದದ್ದು ಅವರ ನೆನಪಿಗೆ ಸೇರಿಕೊಳ್ಳಬಹುದು.

ಮಲೆನಾಡ ಮಗಳು:
ಎಂಟು ದಿನದ ನಂತರ ಬರೆಯುತ್ತಿದ್ದೇನೆ. ಮೊದಲು ಅಮ್ಮನ ಬಳಿ ಮಾತನಾಡಿದೆ. ಗೊರಕೆ ಇದೆಯಂತೆ, ನಡುವೆ ಉಸಿರು ನಿಂತಂತಾಗುತ್ತದೆಯಂತೆ. ಇನ್ನೂ ಒಂದು ವಿಷಯ ಹೇಳಿದರು. ವರ್ಷಕ್ಕೊಂದು ದಿನ ಅಪ್ಪ ಊಟ ಮಾಡುವುದಿಲ್ಲ, ಹೊಟ್ಟೆ ಸರಿಯಿಲ್ಲ ಎನ್ನುತ್ತಾರೆ, ಅದು ಆ ದಿನ. ಅಮ್ಮ 30 ವರ್ಷದಿಂದ ಆ ದಿನ ಒಲೆ ಹಚ್ಚದೆ ಅವಲಕ್ಕಿ ತಿಂದುಕೊಂಡು ಸುಮ್ಮನಿದ್ದಾರೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಲ್ಲ.

ಮೊನ್ನೆ ಸಂಜೆ ಜಗಲಿಯಲ್ಲಿ ಅಪ್ಪನ ಪಕ್ಕ ಕುಳಿತು ಇಷ್ಟೇ ಹೇಳಿದೆ: "ಅಪ್ಪ, 94ರ ವಿಷಯ ನನಗೆ ಗೊತ್ತಿದೆ. ನೀವು ಏನೂ ಹೇಳಬೇಕಾಗಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇರುವುದು ನನಗೆ ಕಷ್ಟವಾಗುತ್ತಿದೆ." ಅವರು ತುಂಬಾ ಹೊತ್ತು ಮಾತನಾಡಲಿಲ್ಲ. ಯಾರು ಹೇಳಿದರು ಎಂದು ಕೇಳಿದರು, ಚಿಕ್ಕಪ್ಪ ಎಂದೆ. ಆಮೇಲೆ, "ಆ ಮಗುವಿಗೆ ಆಗ ನಿನ್ನದೇ ವಯಸ್ಸು" ಎಂದು ಎದ್ದು ಹೋದರು. ನನಗೆ ಆಗ ಏಳು ವರ್ಷ. ಚಿಕ್ಕವಳಿದ್ದಾಗ ಅಪ್ಪ ಇದ್ದಕ್ಕಿದ್ದಂತೆ ನನ್ನನ್ನು ಎತ್ತಿಕೊಳ್ಳುವುದನ್ನು ಬಿಟ್ಟದ್ದು ಯಾಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮರುದಿನ ಬೆಳಿಗ್ಗೆ ಅವರಾಗಿಯೇ, ನಿದ್ದೆಯ ವಿಷಯಕ್ಕೆ ಡಾಕ್ಟರ ಬಳಿ ಹೋಗೋಣ ಎಂದರು. ಬುಧವಾರಕ್ಕೆ ಹೆಸರು ಬರೆಸಿದ್ದೇನೆ.

ತಾಲ್ಲೂಕು ವೈದ್ಯ:
ಒಳ್ಳೆಯದಾಯಿತು. ಎಲ್ಲಾ ಮಾತ್ರೆಗಳ ಚೀಟಿಯನ್ನೂ ಹಳೆಯ ಇಸಿಜಿಯನ್ನೂ ತೆಗೆದುಕೊಂಡು ಹೋಗಿ. ಅವರು ಹೇಳದೆ ನೀವು ಆ ಘಟನೆಯನ್ನು ಅಲ್ಲಿ ಎತ್ತಬೇಡಿ.

ಹಳೆಯ ಟಿಕೆಟ್ ಪೆಟ್ಟಿಗೆ:
ತಂಗಿ, ಅವರಿಗೆ ಅಭ್ಯಂತರವಿಲ್ಲದಿದ್ದರೆ ನಾನು ಒಂದು ದಿನ ಬಂದು ಹೋಗುತ್ತೇನೆ. ಆ ಮಾತನ್ನು ಎತ್ತುವುದಿಲ್ಲ. ಸುಮ್ಮನೆ ಕಾಫಿ ಕುಡಿದು, ಹಳೆಯ ರೂಟ್‌ಗಳ ಮಾತನಾಡಿ ಬರುತ್ತೇನೆ.

ಮಲೆನಾಡ ಮಗಳು:
ಕೇಳಿದೆ ಸರ್. "ಯಾವ ಡಿಪೋದವರು?" ಎಂದರು.